‘ಯಾರೂ ಯಾರಿಗೂ ಸಹಾಯ ಮಾಡಕೂಡದು’ ಎಂಬ ಬೋರ್ಡು: ವೃದ್ಧಾಶ್ರಮದಲ್ಲಿ ನಿವಾಸಿಗಳ ಪರಸ್ಪರ ಆಸರೆಗೆ ಗೆರೆ ಎಲ್ಲಿ?

ಪ್ರಶ್ನೆ: ನಮ್ಮದು ದಾನಿಗಳ ನೆರವಿನಿಂದ ನಡೆಯುವ ಸಣ್ಣ ವೃದ್ಧಾಶ್ರಮ. 34 ನಿವಾಸಿಗಳಿದ್ದಾರೆ. ಹಗಲು ನಾಲ್ವರು ಆಯಾಗಳು, ರಾತ್ರಿ ಒಬ್ಬರೇ. ಪಾಯಖಾನೆ ಹಾಲ್‌ನ ಆಚೆ ತುದಿಯಲ್ಲಿದೆ. ಎರಡು ತಿಂಗಳ ಹಿಂದೆ ಒಬ್ಬ ಅಜ್ಜಿ ನಡುರಾತ್ರಿ ಪಕ್ಕದ ಮಂಚದವರ ಕೈಹಿಡಿದು ಅಲ್ಲಿಗೆ ಕರೆದೊಯ್ಯುವಾಗ ಇಬ್ಬರೂ ಬಿದ್ದರು. ಪಕ್ಕದ ಮಂಚದವರ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ, ಮುಂದಿನ ವಾರ ವಾಪಸು ಬರುತ್ತಾರೆ. ಅಂದಿನಿಂದ ಟ್ರಸ್ಟಿನವರು ‘ನಿವಾಸಿಗಳು ಒಬ್ಬರಿಗೊಬ್ಬರು ಸಹಾಯ ಮಾಡಕೂಡದು’ ಎಂದು ಬೋರ್ಡು ಹಾಕಿಸಿದ್ದಾರೆ. ಹಾಲ್‌ನಲ್ಲಿ ಈಗ ಮಾತೇ ಕಡಿಮೆಯಾಗಿದೆ. ಒಬ್ಬರು ಮಾತ್ರ ಕದ್ದುಮುಚ್ಚಿ ಎಲ್ಲರ ಕೆಲಸ ಮಾಡುತ್ತಾರೆ, ತೀರಾ ಬಳಲಿದ್ದಾರೆ. ಬೋರ್ಡು ತೆಗೆಯುವುದೋ, ಉಳಿಸುವುದೋ?

ಉತ್ತರ: ತೆಗೆಯಿರಿ. ಆದರೆ ಇವತ್ತೇ ಅಲ್ಲ, ರಾತ್ರಿಯ ವ್ಯವಸ್ಥೆ ಸರಿಪಡಿಸಿದ ಮೇಲೆ. ಆ ಇಬ್ಬರನ್ನು ಬೀಳಿಸಿದ್ದು ಅವರ ಅಕ್ಕರೆ ಅಲ್ಲ. 34 ಜನಕ್ಕೆ ರಾತ್ರಿ ಒಬ್ಬರೇ ಆಯಾ ಇರುವುದು, ಪಾಯಖಾನೆ ದೂರ ಇರುವುದು, ಇವೆರಡೇ ಬೀಳಿಸಿದ್ದು. ಆಯಾಳನ್ನು ಕೂಗಿದರೆ ಹಾಲ್‌ಗೆಲ್ಲ ಎಚ್ಚರ, ಅವಳ ಮುಖವೂ ಗಂಟಾಗುತ್ತದೆ. ಅದಕ್ಕಿಂತ ಪಕ್ಕದವರನ್ನು ಮೆಲ್ಲಗೆ ತಟ್ಟಿ ಎಬ್ಬಿಸುವುದು ಸಲೀಸು. ಎದ್ದವರೂ ವಯಸ್ಸಾದವರೇ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಮಲಗಿದ್ದವರು ಧಡಕ್ಕನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ. ಹೀಗೆ ಓಲಾಡುವ ಇಬ್ಬರು ಒಬ್ಬರನ್ನೊಬ್ಬರು ಹಿಡಿದುಕೊಂಡರೆ ಯಾರೊಬ್ಬರು ಜಾರಿದರೂ ಇನ್ನೊಬ್ಬರನ್ನು ಎಳೆದುಕೊಂಡೇ ಬೀಳುತ್ತಾರೆ. ಬೋರ್ಡು ಈ ಯಾವುದನ್ನೂ ಬದಲಿಸಿಲ್ಲ. ಇನ್ನು ಮೇಲೆ ಪಕ್ಕದವರನ್ನೂ ಎಬ್ಬಿಸದೆ ಒಬ್ಬರೇ ಎದ್ದು ಹೋಗಿ ಬೀಳುತ್ತಾರೆ, ಅಷ್ಟೇ.

ಹಾಗಾಗಿ ಮೊದಲು ರಾತ್ರಿ. ರಾತ್ರಿ ಎರಡಕ್ಕಿಂತ ಹೆಚ್ಚು ಸಲ ಏಳುವವರು, ವಾಕರ್ ಬಳಸುವವರು, ಹಿಂದೊಮ್ಮೆ ಬಿದ್ದವರು, ಈ ಮೂರು ಬಗೆಯವರ ಪಟ್ಟಿ ಮಾಡಿ. ಅವರ ಮಂಚಗಳನ್ನು ಪಾಯಖಾನೆಯ ಬದಿಗೆ ಸರಿಸಿ, ಪಕ್ಕದಲ್ಲೇ ಕಮೋಡ್ ಕುರ್ಚಿ ಇಡಿ. ಮಂಚದ ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ನಮ್ಮ ಹೆಚ್ಚಿನ ಹೆಂಗಸರಿಗೆ ಹಾಸಿಗೆ ಸೇರಿ 45 ಸೆಂಟಿಮೀಟರಿನ ಆಸುಪಾಸು ಸಾಕು; ದಾನವಾಗಿ ಬಂದ ಆಸ್ಪತ್ರೆ ಮಂಚಗಳು ಎಷ್ಟೋ ಸಲ ಇದಕ್ಕಿಂತ ಎತ್ತರ. ದಾರಿಯುದ್ದಕ್ಕೂ ಮೊಣಕಾಲೆತ್ತರದಲ್ಲಿ ಸಣ್ಣ ದೀಪಗಳಿರಲಿ, ಮೇಲಿನ ಟ್ಯೂಬ್‌ಲೈಟ್ ಬೇಡ. ಆಯಾ ರಾತ್ರಿ 10, 2 ಮತ್ತು ಬೆಳಗಿನ 5 ಗಂಟೆಗೆ ಕೇಳದೆಯೇ ಬಂದು ‘ಹೋಗಿ ಬರೋಣವೇ’ ಎನ್ನಬೇಕು. ಕರೆಯುವ ಸಂಕೋಚ ಅರ್ಧಕ್ಕರ್ಧ ಇದರಿಂದಲೇ ಹೋಗುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ತೆಗೆದುಕೊಳ್ಳುತ್ತಿರುವವರಿದ್ದರೆ ಅದನ್ನು ಬೆಳಗ್ಗೆಗೆ ಬದಲಾಯಿಸಬಹುದೇ ಎಂದು ಡಾಕ್ಟರನ್ನು ಕೇಳಿ. ರಾತ್ರಿ ಪಾಳಿಗೆ ಇನ್ನೊಬ್ಬರನ್ನು ನೇಮಿಸುವುದು ಖರ್ಚಿನ ಮಾತು ನಿಜ, ಆದರೆ ಸೊಂಟದ ಒಂದು ಆಪರೇಷನ್ನಿನ ಬಿಲ್ಲು ಟ್ರಸ್ಟಿನವರ ಕಣ್ಣ ಮುಂದೆಯೇ ಇದೆಯಲ್ಲ.

ಇಷ್ಟಾದ ಮೇಲೆ ಪಕ್ಕದ ಮಂಚದವರಿಗೆ ರಾತ್ರಿಯ ಕೆಲಸ ಮೂರೇ: ಆಯಾಳನ್ನು ಕರೆಯುವ ಬೆಲ್ ಒತ್ತುವುದು, ದೀಪ ಹಾಕುವುದು, ಆಯಾ ಬರುವವರೆಗೆ ‘ಕೂತಿರಿ, ಬಂದಳು’ ಎಂದು ಮಾತಾಡುತ್ತಿರುವುದು. ಆ ಮಾತಿನ ಎರಡು ನಿಮಿಷ ಮಂಚದ ಅಂಚಿನಲ್ಲಿ ಕೂತಿದ್ದರೆ ಏಳುವಾಗ ತಲೆ ಸುತ್ತುವುದೂ ಕಡಿಮೆ. ಯಾರಾದರೂ ಬಿದ್ದೇಬಿಟ್ಟರೆ ಎತ್ತಲು ಹೋಗಬಾರದು. ಇದನ್ನು ನಿವಾಸಿಗಳಿಗೂ ಆಯಾಗಳಿಗೂ ಬಾಯಿಪಾಠ ಮಾಡಿಸಿ. ಒಂದು ಕಾಲು ಗಿಡ್ಡವಾದಂತೆ ಕಂಡು ಪಾದ ಹೊರಕ್ಕೆ ತಿರುಗಿದ್ದರೆ ಸೊಂಟ ಮುರಿದಿರುವ ಸಂಭವ ಹೆಚ್ಚು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾಗಿದ್ದರೆ, ನೋಡಲು ಚೆನ್ನಾಗಿದ್ದರೂ ಆಸ್ಪತ್ರೆಗೆ ಒಯ್ಯಬೇಕು. ದಿಂಬು ಕೊಟ್ಟು, ಹೊದಿಸಿ, 108ಕ್ಕೆ ಕರೆ ಮಾಡಿ ಕಾಯಿರಿ.

ಈಗ ಹಗಲಿನ ಗೆರೆ. ಭಾರ ಎತ್ತುವುದು, ಮಾತ್ರೆ, ಸೂಜಿ, ಗಾಯ, ಮಲಮೂತ್ರ ಸಿಬ್ಬಂದಿಯ ಪಾಲು. ಕಣ್ಣು, ಕಿವಿ, ನಾಲಿಗೆ, ಜೊತೆ ಕೂರುವುದು ನಿವಾಸಿಗಳ ಪಾಲು. ಎರಡನೆಯದು ಹಗುರ ಎಂದುಕೊಳ್ಳಬೇಡಿ. ಪಾಳಿ ಬದಲಾಗುವ ಆಯಾಳಿಗಿಂತ ಇಪ್ಪತ್ನಾಲ್ಕು ಗಂಟೆ ಪಕ್ಕದಲ್ಲೇ ಇರುವವರಿಗೆ ಕಾಣುವುದು ಹೆಚ್ಚು. ‘ಅವರು ನಿನ್ನೆಯಿಂದ ಬೇರೆ ಥರ ಆಡ್ತಿದ್ದಾರೆ’ ಎಂಬ ಮಾತನ್ನು ಸಿಬ್ಬಂದಿ ‘ಅರಳುಮರಳು’ ಎಂದು ತಳ್ಳಿಹಾಕುತ್ತಾರೆ. ಅರಳುಮರಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೆಳೆಯುವಂಥದ್ದು. ಒಂದೆರಡು ದಿನದಲ್ಲಿ ಬಂದ ಗೊಂದಲಕ್ಕೆ ಕಾರಣ ಮೂತ್ರದ ಸೋಂಕೋ, ನೀರು ಸಾಲದ್ದೋ, ಮಲಬದ್ಧತೆಯೋ, ಹೊಸ ಮಾತ್ರೆಯೋ ಇರುತ್ತದೆ, ಹೆಚ್ಚಿನವಕ್ಕೆ ಚಿಕಿತ್ಸೆಯೂ ಇದೆ. ಬಾಯಿ ಒಂದು ಕಡೆ ವಾಲುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಲಕ್ವದ ಲಕ್ಷಣಗಳು. ಈ ಲಕ್ಷಣ ಶುರುವಾದ ಹೊತ್ತಿನಿಂದ ನಾಲ್ಕೂವರೆ ಗಂಟೆಯೊಳಗೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಬೇಕು, ಆಸ್ಪತ್ರೆಯ ಪರೀಕ್ಷೆಗಳೆಲ್ಲ ಅದಕ್ಕೂ ಮೊದಲೇ ಮುಗಿಯಬೇಕು. ‘ಕಾಫಿ ಕುಡಿಯುವಾಗ ಸರಿಯಾಗಿದ್ದರು’ ಎಂದು ಹೊತ್ತು ಹೇಳಬಲ್ಲ ಒಬ್ಬರು ಪಕ್ಕದ ಮಂಚದಲ್ಲಿದ್ದರೆ ಡಾಕ್ಟರ ಅರ್ಧ ಕೆಲಸ ಆದಂತೆ.

ಈ ಕಣ್ಗಾವಲಿಗೆ ಒಂದು ಹೊತ್ತು ಗೊತ್ತು ಮಾಡಿ. ಸಂಜೆ ನಾಲ್ಕರ ಕಾಫಿ ಒಳ್ಳೆಯ ಸಮಯ. ಆಯಾ ಹಾಲ್‌ನಲ್ಲಿ ಕೂತು ನಾಲ್ಕು ಪ್ರಶ್ನೆ ಕೇಳಲಿ: ಇವತ್ತು ಊಟ ಬಿಟ್ಟವರು ಯಾರು? ನೀರು ಕುಡಿಯದವರು ಯಾರು? ರಾತ್ರಿ ನಿದ್ದೆ ಬಾರದವರು ಯಾರು? ಯಾರ ನಡಿಗೆಯೋ ಮಾತೋ ಬದಲಾಗಿದೆ? ಬಂದ ಉತ್ತರಗಳನ್ನು ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯಲಿ. ಇದು ಚಾಡಿ ಹೇಳುವ ಸಭೆ ಆಗಬಾರದು. ‘ಅವರು ಕದ್ದು ಸಿಹಿ ತಿಂದರು’ ಎಂದ ಕೂಡಲೇ ಎಲ್ಲರೆದುರು ಬೈದರೆ ಮರುದಿನದಿಂದ ಯಾರೂ ಏನೂ ಹೇಳುವುದಿಲ್ಲ. ಅಂಥದ್ದನ್ನು ಕೇಳಿ ಬರೆದುಕೊಂಡು, ಆಮೇಲೆ ಒಬ್ಬರನ್ನೇ ಕರೆದು ವಿಚಾರಿಸಬೇಕು.

ಊಟ ಮಾಡಿಸುವುದು ಗೆರೆಯ ಮೇಲೆಯೇ ಬರುವ ಕೆಲಸ, ತಪ್ಪಾಗುವುದೂ ಇಲ್ಲೇ ಹೆಚ್ಚು. ಕೈ ನಡುಗುವುದರಿಂದಲೋ ಸಂಧಿವಾತದಿಂದಲೋ ತಾವೇ ತಿನ್ನಲಾಗದೆ, ನುಂಗಲು ತೊಂದರೆ ಇಲ್ಲದವರಿಗೆ ಇನ್ನೊಬ್ಬ ನಿವಾಸಿ ತಿನ್ನಿಸಬಹುದು. ಲಕ್ವ ಹೊಡೆದವರು, ನೀರು ಕುಡಿಯುವಾಗ ಕೆಮ್ಮುವವರು, ಕುಡಿದ ಮೇಲೆ ಗಂಟಲು ಗುಳುಗುಳು ಎನ್ನುವವರು, ತುತ್ತು ಬಾಯಲ್ಲೇ ಇಟ್ಟುಕೊಂಡು ಮರೆಯುವವರು, ಇವರಿಗೆ ತರಬೇತಾದ ಆಯಾ ಮಾತ್ರ ತಿನ್ನಿಸಬೇಕು. ಇಂಥವರಲ್ಲಿ ಅನ್ನ ಶ್ವಾಸನಾಳಕ್ಕೆ ಇಳಿದರೆ ಕೆಲವೊಮ್ಮೆ ಕೆಮ್ಮೂ ಬರುವುದಿಲ್ಲ, ಎರಡು ದಿನ ಬಿಟ್ಟು ನ್ಯುಮೋನಿಯಾ ಆಗಿಯೇ ಗೊತ್ತಾಗುವುದು.

ನಮ್ಮ ಊಟದಲ್ಲೇ ಎರಡು ಅಪಾಯಗಳಿವೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಐವತ್ತು ವರ್ಷದ ಆ ರೂಢಿ ಲಕ್ವ ಹೊಡೆದ ಮೇಲೂ ಬಿಡುವುದಿಲ್ಲ, ಆದರೆ ಗಂಟಲು ಮೊದಲಿನಂತಿರುವುದಿಲ್ಲ. ಇನ್ನೊಂದು ತಿಳಿಸಾರಿನ ಅನ್ನ: ಅನ್ನ ಇನ್ನೂ ಬಾಯಲ್ಲಿರುವಾಗಲೇ ಸಾರು ಗಂಟಲಿಗೆ ಹರಿದು ನೆತ್ತಿಗೆ ಹತ್ತುತ್ತದೆ. ನೋಡಲು ಮೆತ್ತಗಿದೆ ಎಂದು ಇದನ್ನೇ ಮೊದಲು ಕೊಡುತ್ತಾರೆ! ಅದರ ಬದಲು ಅನ್ನವನ್ನು ಗಟ್ಟಿ ಹುಳಿಯಲ್ಲೋ ಮೊಸರಿನಲ್ಲೋ ಒಂದೇ ಹದಕ್ಕೆ ಕಿವುಚಿ ಕೊಡಿ. ನುಂಗಲು ಕಷ್ಟಪಡುವವರಿಗೆ ಗಂಜಿ, ಗಟ್ಟಿ ಅಂಬಲಿಗಿಂತ ಬರೀ ನೀರೇ ಅಪಾಯ, ಅದು ತುಂಬ ಬೇಗ ಇಳಿಯುತ್ತದೆ. ಹಾಗೆಂದು ನೀರು ನಿಲ್ಲಿಸುವಂತಿಲ್ಲ. ಎಷ್ಟು ಗಟ್ಟಿಯಾಗಿರಬೇಕು ಎಂದು ನುಂಗುವಿಕೆ ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟರಿಂದ ಒಮ್ಮೆ ಗೊತ್ತು ಮಾಡಿಸಿಕೊಳ್ಳಿ. ಚುರುಮುರಿ, ಒಣ ಅವಲಕ್ಕಿ, ಕಡಲೆಬೀಜವನ್ನು ಇವರ ಕೈಗೆ ಸಿಗದಂತೆ ಇಡಿ.

ತಿನ್ನಿಸುವ ನಿವಾಸಿಗೆ ಕಲಿಸಬೇಕಾದದ್ದು ಹೆಚ್ಚೇನಿಲ್ಲ. ನಿಂತು ತಿನ್ನಿಸಬಾರದು. ನಿಂತರೆ ತಿನ್ನುವವರು ತಲೆ ಮೇಲೆತ್ತುತ್ತಾರೆ, ಆಗಲೇ ನೆತ್ತಿಗೆ ಹತ್ತುವುದು. ಎದುರು ಕುರ್ಚಿ ಹಾಕಿ ಕಣ್ಣ ಮಟ್ಟದಲ್ಲಿ ಕೂರಬೇಕು. ತಿನ್ನುವವರ ಬೆನ್ನು ನೆಟ್ಟಗಿದ್ದು ಗದ್ದ ತುಸು ಕೆಳಗಿರಲಿ. ಚಹಾ ಚಮಚದಲ್ಲಿ ಅರ್ಧ ತುತ್ತು. ಗಂಟಲ ಗುಬ್ಬಿ ಮೇಲೆ ಹೋಗಿ ಕೆಳಗಿಳಿದದ್ದು ಕಂಡ ಮೇಲೆ ಮುಂದಿನ ತುತ್ತು. ಬಾಯಲ್ಲಿ ಅನ್ನವಿರುವಾಗ ಪ್ರಶ್ನೆ ಕೇಳಬಾರದು. ಅವರು ಉತ್ತರ ಕೊಡಲು ಹೋಗುತ್ತಾರೆ. ಒಂದು ಊಟಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಆಮೇಲೆ ಇನ್ನರ್ಧ ಗಂಟೆ ಮಲಗಿಸದೆ ಕೂರಿಸಬೇಕು. ಆಯಾಗಳಿಗೆ ಆ ಹೊತ್ತು ಸಿಗುವುದಿಲ್ಲ, ಮಾತಾಡುವವರು ಪಕ್ಕದಲ್ಲಿದ್ದರೆ ಊಟವೂ ಹೆಚ್ಚು ಸೇರುತ್ತದೆ. ನಿವಾಸಿಗಳ ನೆರವು ನಿಜಕ್ಕೂ ಬೆಲೆಬಾಳುವ ಜಾಗ ಇದು. ನೆತ್ತಿಗೆ ಹತ್ತಿದಾಗ ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ನೀರು ಹುಯ್ಯಬೇಡಿ. ಕೆಮ್ಮಲೂ ಆಗದೆ ದನಿಯೂ ಹೊರಡದಿದ್ದರೆ ತಕ್ಷಣ ಮುಂದಕ್ಕೆ ಬಾಗಿಸಿ ಬೆನ್ನಿನ ರೆಕ್ಕೆಮೂಳೆಗಳ ನಡುವೆ ಐದು ಗುದ್ದು, ಹೋಗದಿದ್ದರೆ ಹೊಟ್ಟೆಯನ್ನು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತುವುದು. ಇದನ್ನು ಪ್ರತಿಯೊಬ್ಬ ಆಯಾ ಕೈಯಾರೆ ಮಾಡಿ ಕಲಿತಿರಬೇಕು.

ಕಣ್ಣು ಮಂಜಾದವರನ್ನು ನಡೆಸುವಾಗ ಅವರ ಕೈಹಿಡಿದು ಎಳೆಯುವುದು ಎಲ್ಲರೂ ಮಾಡುವ ತಪ್ಪು. ನಮ್ಮ ಮೊಣಕೈಯ ಸ್ವಲ್ಪ ಮೇಲೆ ಅವರೇ ಹಿಡಿದುಕೊಳ್ಳಲಿ, ಅರ್ಧ ಹೆಜ್ಜೆ ಹಿಂದೆ ನಡೆಯಲಿ. ಮೆಟ್ಟಿಲು ಬಂದರೆ ನಿಂತು ‘ಇಳಿಯುವ ಮೆಟ್ಟಿಲು’ ಎನ್ನಬೇಕು. ಹೀಗೆ ಕರೆದೊಯ್ಯುವ ನಿವಾಸಿ ಸ್ವತಃ ಗಟ್ಟಿಯಾಗಿ ನಡೆಯುವವರಾಗಿರಬೇಕು; ಕೋಲು ಹಿಡಿದವರಿಗೆ ಈ ಕೆಲಸ ಬೇಡ. ಕಿವಿ ಮಂದವಾದವರ ಎದುರು ನಿಂತು ತಗ್ಗಿದ ದನಿಯಲ್ಲಿ ನಿಧಾನವಾಗಿ ಮಾತಾಡಿದರೆ ಸಾಕು. ಕಿರುಚಿದರೆ ದನಿ ಇನ್ನೂ ಒಡೆದು ಕೇಳಿಸುತ್ತದೆ, ಪಕ್ಕದವರಿಗೆ ಜಗಳದಂತೆಯೂ ಕಾಣುತ್ತದೆ.

ಪ್ರೀತಿಯಿಂದಲೇ ಆಗುವ ಅನಾಹುತಗಳನ್ನೂ ಹೇಳಿಬಿಡುತ್ತೇನೆ. ‘ನನ್ನ ಮಾತ್ರೆ ತಗೊಳ್ಳಿ, ನನಗೆ ಮೊಣಕಾಲು ನೋವು ಇದರಿಂದಲೇ ಹೋಯಿತು’ ಎಂದು ಕೊಡುವ ನೋವಿನ ಮಾತ್ರೆ, ಬಿಪಿಯ ಕೆಲವು ಮಾತ್ರೆಗಳ ಜೊತೆ ಸೇರಿ ವಯಸ್ಸಾದವರ ಕಿಡ್ನಿಯನ್ನು ಕೆಲವೇ ದಿನಗಳಲ್ಲಿ ಕೆಡಿಸಬಲ್ಲದು. ನಿದ್ದೆ ಮಾತ್ರೆ ಹಂಚಿಕೊಂಡರೆ ನಡುರಾತ್ರಿ ಬೀಳುವ ಅಪಾಯ ಹೆಚ್ಚು. ಮಾತ್ರೆಗಳು ದಿಂಬಿನಡಿ ಇರಕೂಡದು, ಬೀಗ ಹಾಕಿದ ಕಪಾಟಿನಲ್ಲಿರಲಿ. ದಾನಿಗಳ ಮನೆಯ ಹುಟ್ಟುಹಬ್ಬದ ದಿನ ಬರುವ ಹೋಳಿಗೆ, ಜಿಲೇಬಿಯಲ್ಲಿ ಪಕ್ಕದವರು ತಮ್ಮ ಪಾಲನ್ನೂ ಶುಗರ್ ಕಾಯಿಲೆ ಇರುವವರಿಗೆ ಕೊಡುತ್ತಾರೆ. ‘ಮುಟ್ಟಲೇಬೇಡಿ’ ಎಂದರೆ ಕದ್ದು ತಿನ್ನುತ್ತಾರೆ. ಆ ದಿನ ಎಲ್ಲರಿಗೂ ಅರ್ಧ ಹೋಳಿಗೆ ಎಂದು ಅಡುಗೆಮನೆಯಲ್ಲೇ ಕತ್ತರಿಸಿ ಬಡಿಸಿಬಿಡಿ. ಇದಕ್ಕಿಂತ ಹೆಚ್ಚು ಹೆದರಬೇಕಾದದ್ದು ಶುಗರ್ ಇಳಿಯುವುದಕ್ಕೆ: ಇನ್ಸುಲಿನ್ ಹಾಕಿಸಿಕೊಂಡು ಊಟ ತಡವಾದರೆ ಮೈ ಬೆವೆತು, ನಡುಗಿ, ಮಾತು ತಪ್ಪುತ್ತದೆ. ಎಚ್ಚರವಿದ್ದರೆ ಮೂರು ಚಹಾ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ತಲೆಗೆ ಎಣ್ಣೆ ಹಚ್ಚುವುದು, ಜಡೆ ಹಾಕುವುದು ಧಾರಾಳವಾಗಿ ನಡೆಯಲಿ. ಮೈ ಮುಟ್ಟುವವರೇ ಇಲ್ಲದೆ ವರ್ಷ ಕಳೆದ ಮುದುಕಿಗೆ ಅದು ಔಷಧಿಗಿಂತ ಕಡಿಮೆಯಲ್ಲ. ಬಾಚಣಿಗೆ, ಟವೆಲ್ ಮಾತ್ರ ಅವರವರದೇ ಇರಲಿ. ರೇಜರ್, ಶುಗರ್ ನೋಡುವ ಸೂಜಿಯನ್ನಂತೂ ಒಬ್ಬರದನ್ನು ಇನ್ನೊಬ್ಬರಿಗೆ ಬಳಸಲೇಬಾರದು, ಕಾಮಾಲೆಯ ಬಿ ವೈರಸ್ ಹರಡುವುದು ಹೀಗೆಯೇ. ರಾತ್ರಿ ಹೆಚ್ಚಾಗುವ ತುರಿಕೆ ಇಬ್ಬರಲ್ಲಿ ಕಂಡರೆ ಕಜ್ಜಿ ಎಂದು ಅನುಮಾನಿಸಿ ಡಾಕ್ಟರಿಗೆ ತೋರಿಸಿ. ತುರಿಕೆ ಇರುವವರಿಗೆ ಮಾತ್ರ ಮದ್ದು ಹಚ್ಚಿ ಸುಮ್ಮನಾದರೆ ತಿಂಗಳೊಳಗೆ ಮತ್ತೆ ಎಲ್ಲರಿಗೂ ಬರುತ್ತದೆ. ಇಡೀ ಹಾಲ್‌ನವರು, ಆಯಾಗಳೂ ಸೇರಿ, ಒಂದೇ ರಾತ್ರಿ ಹಚ್ಚಿಕೊಂಡು ವಾರದ ನಂತರ ಇನ್ನೊಮ್ಮೆ ಹಚ್ಚಬೇಕು. ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು.

ಇನ್ನು ಎಲ್ಲರ ಕೆಲಸ ಮಾಡುವ ಆ ಒಬ್ಬರು. ಇಂಥವರು ಪ್ರತಿ ಆಶ್ರಮದಲ್ಲೂ ಇರುತ್ತಾರೆ, ಬೇಗ ಸವೆದುಹೋಗುವವರೂ ಇವರೇ. ಅವರಿಂದ ಕೆಲಸ ಕಸಿದುಕೊಳ್ಳಬೇಡಿ, ಅಳತೆಗೆ ತನ್ನಿ. ದಿನಕ್ಕೆ ಒಬ್ಬರಿಗೆ, ಒಂದು ಹೊತ್ತು. ವಾರದಲ್ಲಿ ಒಂದು ದಿನ ಏನೂ ಇಲ್ಲ. ‘ಇವತ್ತು ಆಗುವುದಿಲ್ಲ’ ಎನ್ನುವುದನ್ನು ಮೇಲ್ವಿಚಾರಕಿಯೇ ಎಲ್ಲರೆದುರು ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಮುಲಾಜಿಗೆ ಬಿದ್ದು ಮಾಡುತ್ತಲೇ ಇರುತ್ತಾರೆ. ತೂಕ ಇಳಿದಿದೆಯೇ, ಸ್ವಂತ ಮಾತ್ರೆ ಮರೆಯುತ್ತಿದ್ದಾರೆಯೇ, ನೆರವು ಪಡೆದವರನ್ನೇ ಬೈಯಲು ಶುರು ಮಾಡಿದ್ದಾರೆಯೇ, ನೋಡಿ. ಅವರಿದ್ದಾರೆ ಎಂಬ ಧೈರ್ಯಕ್ಕೆ ಆಯಾಗಳು ಕೆಲಸ ಜಾರಿಸುತ್ತಿದ್ದರೆ, ಟ್ರಸ್ಟ್ ಖಾಲಿ ಹುದ್ದೆ ತುಂಬದೆ ಕೂತಿದ್ದರೆ, ಅದು ದಯೆಯ ಹೆಸರಿನಲ್ಲಿ ಬಿಟ್ಟಿ ದುಡಿಮೆ. ಅವರು ಎರಡು ವಾರ ಊರಿಗೆ ಹೋದರೂ ಆಶ್ರಮ ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ. ನಡೆಯದಿದ್ದರೆ ಸಿಬ್ಬಂದಿ ಸಾಲದು ಎಂದೇ ಅರ್ಥ.

ಅವರ ಭಾರ ಇಳಿಸಲು ಇನ್ನೂ ಒಂದು ದಾರಿಯಿದೆ: ಉಳಿದ 33 ಜನರಿಗೂ ಕೊಡುವುದಕ್ಕೆ ಏನಾದರೂ ಇರುವಂತೆ ಮಾಡುವುದು. ಧರ್ಮಾರ್ಥ ಆಶ್ರಮದಲ್ಲಿರುವವರನ್ನು ಕೊರೆಯುವುದು ಹಂಗು. ಅನ್ನ ದಾನಿಗಳದು, ಸೀರೆ ದಾನಿಗಳದು, ಬಂದವರ ಮುಂದೆ ಕೈಮುಗಿದು ಹಾಡಬೇಕು. ಬರೀ ಪಡೆಯುತ್ತಲೇ ಇರುವವರು ಒಂದೋ ಮೂಲೆ ಸೇರುತ್ತಾರೆ, ಇಲ್ಲವೇ ಎಲ್ಲದಕ್ಕೂ ತಪ್ಪು ಹುಡುಕುತ್ತಾರೆ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರಾಡಿನ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಒಂದು ನರ್ಸಿಂಗ್ ಹೋಮಿನಲ್ಲಿ ನಡೆಸಿದ ಅಧ್ಯಯನ ಪ್ರಸಿದ್ಧ. ಒಂದು ಮಹಡಿಯ ವೃದ್ಧರಿಗೆ ಕುಂಡದ ಗಿಡ ಕೊಟ್ಟು ನೀವೇ ನೋಡಿಕೊಳ್ಳಿ, ದಿನಚರಿಯನ್ನೂ ನೀವೇ ಆರಿಸಿಕೊಳ್ಳಿ ಎಂದರು. ಇನ್ನೊಂದು ಮಹಡಿಯವರಿಗೆ ಗಿಡವನ್ನು ಸಿಬ್ಬಂದಿಯೇ ನೋಡಿಕೊಳ್ಳುತ್ತಾರೆ ಎಂದರು. ಮೊದಲನೆಯವರು ಹೆಚ್ಚು ಲವಲವಿಕೆಯಿಂದಿದ್ದರು, ಹೆಚ್ಚು ಜನರೊಡನೆ ಬೆರೆತರು.

ಹಾಸಿಗೆ ಹಿಡಿದವರೂ ಕೊಡಬಲ್ಲರು. ಒಂದು ಕೈ ಬಿದ್ದವರು ಇನ್ನೊಂದು ಕೈಯಲ್ಲಿ ಸೊಪ್ಪು ಬಿಡಿಸಬಹುದು. ಕಣ್ಣಿಲ್ಲದವರು ಬತ್ತಿ ಹೊಸೆಯುತ್ತಾರೆ, ಹೂ ಕಟ್ಟುವವರೂ ಇದ್ದಾರೆ. ಓದು ಬಲ್ಲವರು ಪೇಪರ್ ಓದಿ ಹೇಳಲಿ, ಪಕ್ಕದವರ ಮಗನಿಗೆ ಫೋನ್ ಹಚ್ಚಿಕೊಡಲಿ. ನೆನಪು ಹೋದವರು ಟವೆಲ್ ಮಡಚುತ್ತಾರೆ, ಮಡಚಿದ್ದನ್ನು ಅವರ ಕಣ್ಣೆದುರೇ ಬಿಚ್ಚಿ ಮತ್ತೆ ಮಡಚಬೇಡಿ. ಕೆಲಸ ಸುಳ್ಳಾಗಿರಬಾರದು: ಬಿಡಿಸಿದ ಸೊಪ್ಪು ಮಧ್ಯಾಹ್ನದ ಹುಳಿಯಲ್ಲಿ ಕಾಣಬೇಕು.

ಜೋಡಿಗಳನ್ನು ಆಫೀಸಿನಲ್ಲಿ ಕೂತು ಮಾಡಬೇಡಿ. ಯಾರು ಯಾರ ಪಕ್ಕ ಊಟಕ್ಕೆ ಕೂರುತ್ತಾರೆ, ಯಾರು ಯಾರಿಗೆ ಎಲೆ ಅಡಿಕೆ ಚಾಚುತ್ತಾರೆ ಎಂದು ಹದಿನೈದು ದಿನ ಗಮನಿಸಿ, ಆಮೇಲೆ ಇಬ್ಬರನ್ನೂ ಬೇರೆ ಬೇರೆ ಕೇಳಿ. ನೆರವು ಬೇಡ ಎನ್ನುವ ಹಕ್ಕು ಪಡೆಯುವವರಿಗೂ ಇದೆ. ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು ಎಂಬುದು ಮೈ ಮುಟ್ಟುವ ಕೆಲಸಕ್ಕೆ ಮಾತ್ರ. ಮಾತಿಗೆ, ಚೌಕಾಬಾರಕ್ಕೆ ಆ ಗೋಡೆ ಬೇಡ. ‘ಅವರ ಕೈಯಿಂದ ನೀರು ಬೇಡ’ ಎಂಬ ಜಾತಿಯ ಮಾತು ಬಂದೇ ಬರುತ್ತದೆ. ವಯಸ್ಸಾದವರು ಹೋಗಲಿ ಎಂದು ಪ್ರತ್ಯೇಕ ಚೊಂಬು, ಪ್ರತ್ಯೇಕ ಪಂಕ್ತಿ ಮಾಡಿಕೊಟ್ಟರೆ ಅಲ್ಲಿಗೆ ಮುಗಿಯಿತು. ಸೇರಿಸಿಕೊಳ್ಳುವ ದಿನವೇ ಒಂದೇ ಪಂಕ್ತಿ ಎಂದು ಹೇಳಿರಬೇಕು. ಮಾಂಸ ತಿನ್ನದಿರುವುದು ಅವರಿಷ್ಟ, ಬಡಿಸಿದವರ ಜಾತಿ ಕೇಳುವಂತಿಲ್ಲ.

ಹಣದ ವಿಷಯ ಚಿಕ್ಕದಾಗಿ ಕಂಡರೂ ಸ್ನೇಹಗಳು ಮುರಿಯುವುದು ಅಲ್ಲೇ. ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ಬಂದ ವಾರ ಕೈಸಾಲಗಳು ಓಡಾಡುತ್ತವೆ. ಎಟಿಎಂ ಕಾರ್ಡು, ಪಿನ್ ನಂಬಿಕೆಯ ಮೇಲೆ ಇನ್ನೊಬ್ಬರ ಕೈ ಸೇರುತ್ತವೆ. ನೋಡಿಕೊಂಡದ್ದಕ್ಕೆ ಪ್ರತಿಯಾಗಿ ಹಣ, ಬಳೆ, ಉಯಿಲು ಯಾವುದನ್ನೂ ಪಡೆಯುವಂತಿಲ್ಲ ಎಂಬ ನಿಯಮ ನಿವಾಸಿಗಳಿಗೂ ಸಿಬ್ಬಂದಿಗೂ ಟ್ರಸ್ಟಿಗಳಿಗೂ ಒಂದೇ ಇರಲಿ. ಒಳಗೆ ಹೇಳಿಕೊಳ್ಳಲಾಗದ ದೂರಿಗೆ ಹಿರಿಯ ನಾಗರಿಕರ ಸಹಾಯವಾಣಿ 14567ರ ಸಂಖ್ಯೆಯನ್ನು ಹಾಲ್‌ನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ. ಬೋರ್ಡು ಬೇಕೆಂದಿದ್ದರೆ ಆ ಜಾಗಕ್ಕೆ ಇದೇ ಸರಿ.

ಕೊನೆಗೆ ಮುಂದಿನ ವಾರ ಬರುವವರ ಮಾತು. ಜೊತೆಗೆ ಬಿದ್ದ ಇನ್ನೊಬ್ಬ ಅಜ್ಜಿ ‘ನನ್ನಿಂದಲೇ ಆಯಿತು’ ಎಂದು ಎರಡು ತಿಂಗಳಿಂದ ಕೊರಗುತ್ತಿರಬಹುದು, ಆ ಬೋರ್ಡೂ ದಿನವೂ ಅದನ್ನೇ ಹೇಳಿದೆ. ಆಪರೇಷನ್ ಆದವರು ಬರುವ ಮೊದಲೇ ಟ್ರಸ್ಟಿನ ಹಿರಿಯರೊಬ್ಬರು ಹೋಗಿ, ರಾತ್ರಿ ಆಯಾ ಸಾಲದೆ ಇದ್ದದ್ದು ನಮ್ಮ ತಪ್ಪು ಎಂದು ಈ ಅಜ್ಜಿಗೆ ಬಾಯಿಬಿಟ್ಟು ಹೇಳಬೇಕು. ಬಿದ್ದ ಮಾತ್ರಕ್ಕೆ ಸೊಂಟ ಮುರಿಯಿತೆಂದರೆ ಮೂಳೆ ಟೊಳ್ಳಾಗಿದೆ. ಕ್ಯಾಲ್ಸಿಯಂ, ವಿಟಮಿನ್ ಡಿ, ಮೂಳೆ ಗಟ್ಟಿಮಾಡುವ ಔಷಧಿಯ ಬಗ್ಗೆ ಡಾಕ್ಟರನ್ನು ಕೇಳಿ. ಇಬ್ಬರೂ ಒಪ್ಪಿದರೆ ಮಂಚಗಳು ಮತ್ತೆ ಅಕ್ಕಪಕ್ಕವೇ ಇರಲಿ, ಈ ಸಲ ಪಾಯಖಾನೆಯ ಬದಿಯಲ್ಲಿ. ವಾಕರ್ ಹಿಡಿದು ನಡೆಸುವುದು ಆಯಾಳ ಕೆಲಸ. ಕುರ್ಚಿಯಲ್ಲಿ ಕೂತು ‘ನಿನ್ನೆ ಹನ್ನೆರಡು ಹೆಜ್ಜೆ, ಇವತ್ತು ಹದಿನೈದು’ ಎಂದು ಎಣಿಸುವುದು ಪಕ್ಕದ ಮಂಚದವರದು.